ಚೆಂಡಂತೂ ಸಿಕ್ಕಿತ್ತು

ಯೂನನ್ ಹಾರ್ಕಿನ್ ಮೊದಲ ಸಲ ಅಂಗಳದಲ್ಲಿ ಕಾಲಿನಿಂದ ಚೆಂಡು ಒದ್ದಾಗ ಅವನಪ್ಪ ಹ್ಯೂಡಿ ಅದನ್ನು ಕಿತ್ತುಕೊಂಡು ಕಲ್ಲಿದ್ದಲ ಕೊಟ್ಟಿಗೆಯ ಮಾಡಿನ ಮೇಲೆ ಎಸೆದಿದ್ದ. ಹ್ಯೂಡಿ ನಮ್ಮ ಕಿಲ್‌ಕೊರನ್ನಿನಲ್ಲಿ ಮನೆಮನೆಗೆ ಕಲ್ಲಿದ್ದಲು ಹಾಕುವವನು. ಪ್ರಾಯದಲ್ಲಿ, ಕೈಯಲ್ಲಿ ಹಿಡಿದು ಆಡುವ ನಮ್ಮ ಐರಿಷ್ ಚೆಂಡಾಟದಲ್ಲಿ ಡೊನೆಗಾಲ್ ಕೌಂಟಿ ತಂಡದ ಅಂಗಿ ತೊಟ್ಟವನು. ಬರೀ ಕಾಲಿನಲ್ಲಿ ಆಡುವ ಫುಟ್‌ಬಾಲ್ ಎಂದರೆ ಅವನ ಪಾಲಿಗೆ ಇಂಗ್ಲಿಷ್ ಸಿಪಾಯಿಗಳು ಬಿಟ್ಟುಹೋದ ಕೊಳೆ.

“ದೇವ್ರು ನಿಂಗೆ ಕೈ ಯಾಕೆ ಕೊಟ್ಟಿದ್ದಾನೆ? ಜೇಬಲ್ಲಿ ಇಟ್ಕೊಳ್ಳೋಕಾ?”

“ಕಲ್ಲಿದ್ದಲು ಹೊರೋಕೆ, ಡ್ಯಾಡಿ” ಎಂದನಂತೆ ಯೂನನ್. ಅವನಿಗಾಗ ಏಳೋ ಎಂಟೋ. ಕಪಾಳಕ್ಕೆ ಒಂದು ಬಿತ್ತು. ಹೊಡೆದವನಿಗೂ ನಗು ತಡೆಯಲಾಗಲಿಲ್ಲ.

ನಾನು ಮ್ಯಾನಸ್, ಊರಿನ ಅಂಚೆಯವನು. ಹಾರ್ಕಿನ್ನರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಭಾನುವಾರ ಮಧ್ಯಾಹ್ನ ನಾನು ಊರಿನ ಫುಟ್‌ಬಾಲ್ ಕ್ಲಬ್ಬಿನ ಬಕೆಟ್ಟು ಹೊರುವವನು. ಮೈದಾನದಲ್ಲಿ ಯಾರಾದರೂ ಬಿದ್ದರೆ ಓಡಿಹೋಗಿ ಸ್ಪಂಜಿನಲ್ಲಿ ತಣ್ಣೀರು ಒತ್ತುವುದು, ಎದ್ದರೆ ಬೆನ್ನು ತಟ್ಟಿ ವಾಪಸು ಬರುವುದು, ಅಷ್ಟೇ ನನ್ನ ವೈದ್ಯಕೀಯ. ಹೀಗಾಗಿ ಯೂನನ್‌ನ ಬಾಳನ್ನು ಗೋಡೆಯ ಆಚೆಯಿಂದಲೂ ಗೆರೆಯ ಈಚೆಯಿಂದಲೂ ಕಂಡವನು ನಾನು.

ಅವನು ಕುಳ್ಳ, ತೆಳ್ಳಗಿನ ಹುಡುಗ. ಓಟದಲ್ಲಿ ಹಿಂದೆ. ಆದರೆ ನಡುಮೈದಾನದಲ್ಲಿ ನಿಂತು ತಲೆಯೆತ್ತಿ ಒಂದು ಸಲ ಸುತ್ತ ನೋಡಿದನೆಂದರೆ ಮುಗಿಯಿತು. ಆಮೇಲೆ ಅವನು ಚೆಂಡು ಕಳಿಸುತ್ತಿದ್ದ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ, ಚೆಂಡು ತಲುಪುವಷ್ಟರಲ್ಲಿ ನಮ್ಮವನೊಬ್ಬ ಅಲ್ಲಿರುತ್ತಿದ್ದ. ಹದಿನಾರಕ್ಕೆ ಉತ್ತರ ಇಂಗ್ಲೆಂಡಿನ ಒಂದು ದೊಡ್ಡ ಕ್ಲಬ್ಬಿನವರು ಬಂದು ಅವನನ್ನು ಕೇಳಿದರು. ಆ ವಾರ ಊರಿಗೆ ಊರೇ ಅವನ ಹೆಗಲು ತಟ್ಟಿತು. ಮಾಂಸದಂಗಡಿಯವನು ದಾರಿಗೆಂದು ಸಾಸೇಜು ಕಟ್ಟಿಕೊಟ್ಟ. ಪಾದ್ರಿಗಳು ಪೂಜೆಯ ಕೊನೆಗೆ ಅವನ ಹೆಸರೆತ್ತಿ ಹರಸಿದರು. ತಾಯಿ ಬ್ರೀಜ್ ಅವನ ಪೆಟ್ಟಿಗೆಗೆ ಪವಿತ್ರ ನೀರು ಚಿಮುಕಿಸಿದಳು. ಹ್ಯೂಡಿ ಮಾತ್ರ ಲಾರಿಯಿಂದ ಇಳಿಯಲಿಲ್ಲ. “ಹಡಗಲ್ಲಿ ವಾಂತಿ ಬಂದ್ರೆ ಗಾಳಿಗೆದುರಾಗಿ ನಿಲ್ಬೇಡ” ಎಂದಷ್ಟೇ ಹೇಳಿ ಗೇರು ಹಾಕಿದ.

ಹಾರ್ಕಿನ್ನರ ಮನೆಯಲ್ಲಿ ಫೋನಿರಲಿಲ್ಲ. ಭಾನುವಾರ ಸಂಜೆ ಬ್ರೀಜ್ ನಮ್ಮ ಮನೆಗೆ ಬಂದು, ಕೋಟು ಬಿಚ್ಚದೆ, ಫೋನಿನ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು.

“ಊಟ ಸರಿಯಾಗಿ ಮಾಡ್ತಿದ್ಯಾ?... ಪೂಜೆಗೆ ಹೋಗ್ತಿದ್ಯಾ?... ಚಳಿಯೇನೋ ಅಲ್ಲಿ?”

ಆ ಕಡೆಯಿಂದ ಬರೀ ಹ್ಞೂಂ, ಹ್ಞೂಂ. ಅವನು ಬಾಯಿಬಿಟ್ಟು ಕೇಳುತ್ತಿದ್ದುದು ಒಂದೇ, “ನಾಯಿ ಹೇಗಿದೆ, ಮ್ಯಾಮಿ?” ಅವಳು ನಾಯಿಯ ಕತೆ ಶುರುಮಾಡುತ್ತಿದ್ದಳು: ಇವತ್ತು ಪಾದ್ರಿಗಳ ಕೋಳಿ ಅಟ್ಟಿಸಿಕೊಂಡು ಹೋಯಿತು, ನಿನ್ನೆ ನಿನ್ನ ಹಳೇ ಬೂಟು ತಲೆಗಿಟ್ಟುಕೊಂಡು ಮಲಗಿತ್ತು. ಎರಡನೆಯ ಚಳಿಗಾಲದಲ್ಲಿ ನಾಯಿ ಸತ್ತಿತು. ಬ್ರೀಜ್ ಕತೆ ನಿಲ್ಲಿಸಲಿಲ್ಲ. ಫೋನಿಟ್ಟ ಮೇಲೆ ನನ್ನ ಕಡೆ ನೋಡದೆ ಎದ್ದುಹೋಗುತ್ತಿದ್ದಳು.

ಎರಡೂವರೆ ವರ್ಷಕ್ಕೆ ಅವನು ವಾಪಸು ಬಂದ. ಯಾರಿಗೂ ಹೇಳಿರಲಿಲ್ಲ. ಬಸ್ಸಿನಿಂದ ಊರಿಗೆ ಮೊದಲೇ ಇಳಿದು ಕಡಲಂಚಿನ ದಾರಿಯಲ್ಲಿ ಪೆಟ್ಟಿಗೆ ಹೊತ್ತು ಬರುತ್ತಿದ್ದ. ನಾನು ಕಾಗದ ಹಂಚಿ ಸೈಕಲ್ಲಿನಲ್ಲಿ ಬರುವಾಗ ಎದುರಾದ.

“ರಜಾನೇನೋ?” ಎಂದೆ.

“ಇಲ್ಲ. ಕಳಿಸ್ಬಿಟ್ರು. ‘ನಿನ್ನ ಕಣ್ಣಿಗಿರೋ ವೇಗ ಕಾಲಿಗಿಲ್ಲ, ಪ್ಯಾಡಿ’ ಅಂದ್ರು. ಐರಿಷ್ ಹುಡುಗ್ರೆಲ್ಲ ಅವರಿಗೆ ಪ್ಯಾಡಿನೇ.” ಪೆಟ್ಟಿಗೆ ಕೆಳಗಿಟ್ಟ. “ಮ್ಯಾನಸ್, ನಾಯಿ ಯಾವಾಗ ಸತ್ತಿದ್ದು?”

“ನಿಂಗ್ಯಾರು ಹೇಳಿದ್ರು?”

“ಮ್ಯಾಮಿ ಹೇಳ್ತಿದ್ದ ನಾಯಿ ಭಾರೀ ಚುರುಕು. ನಮ್ದು ಅಷ್ಟು ಚುರುಕಿರ್ಲಿಲ್ಲ.”

ಅವನಪ್ಪ ಬಾಗಿಲಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬಂದ್ಯಾ. ಗುರುವಾರದ ಲೋಡಿಗೆ ಒಬ್ರು ಬೇಕಾಗಿತ್ತು” ಎಂದ. ಸೋತು ಬಂದ ಮಗನಿಗೆ ಹ್ಯೂಡಿ ತೋರಿಸಬಲ್ಲ ದಯೆ ಅಷ್ಟೇ ಇತ್ತು. ಊರು ಅಷ್ಟನ್ನೂ ತೋರಿಸಲಿಲ್ಲ. ಹೆಗಲು ತಟ್ಟಿದವರೇ ಈಗ ರಸ್ತೆಯ ಆಚೆ ಬದಿಗೆ ಹೋಗಿ ಅಂಗಡಿ ಗಾಜು ನೋಡುತ್ತ ನಿಲ್ಲುವರು. ಮಾಂಸದಂಗಡಿಯವನು ಒಂದು ದಿನ ಎಲ್ಲರೆದುರು, “ಏನಪ್ಪಾ, ನನ್ನ ಸಾಸೇಜು ಅವರಿಗೆ ಹಿಡಿಸ್ಲಿಲ್ವಾ?” ಎಂದ. ಜನ ನಕ್ಕರು. ಯೂನನ್ ಕೂಡ ನಕ್ಕ. ಅದು ಅವನು ಇಂಗ್ಲೆಂಡಿನಲ್ಲಿ ಕಲಿತು ಬಂದ ವಿದ್ಯೆ.

ಆಮೇಲೆ ಊರಿನ ಕ್ಲಬ್ಬಿಗೇ ಆಡತೊಡಗಿದ. ವಾರವೆಲ್ಲ ಕಲ್ಲಿದ್ದಲು, ಭಾನುವಾರ ಆಟ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಹೆಣಿಗೆ ಕಾರ್ಖಾನೆಯ ಗ್ರಾನ್ಯ ಎಂಬ ಹುಡುಗಿಯನ್ನು ಮದುವೆಯಾದ. ಅವನ ಪಾಸ್‌ಗಳನ್ನು ಮೆಚ್ಚುವವರು ಹತ್ತಾರು ಮಂದಿ ಇದ್ದರು. ಅವರು ಮೆಲ್ಲಗೆ ಚಪ್ಪಾಳೆ ತಟ್ಟಿ, ತಲೆಯಾಡಿಸಿ, ಸಿಗರೇಟು ಹಚ್ಚುತ್ತಿದ್ದರು. ಆದರೆ ಕ್ಲಬ್ಬು ಸೋಲುತ್ತಿತ್ತು. ಆಗ ಬಂದವನು ಲ್ಯಾಫರ್ಟಿ ಎಂಬ ಹೊಸ ಮ್ಯಾನೇಜರ್, ಗಿಡ್ಡ ಕುತ್ತಿಗೆಯ ಮನುಷ್ಯ. ಮೊದಲ ವಾರವೇ ಯೂನನ್‌ನನ್ನು ಮೂಲೆಗೆ ಕರೆದ.

“ನೋಡಯ್ಯ, ನಿನ್ನ ಕಾಲಿಗೆ ವೇಗ ಇಲ್ಲ. ಹೋಗ್ಲಿ ಬಿಡು. ಬೇರೆಯವ್ರ ಕಾಲಿಗೂ ಇರದ ಹಾಗೆ ನೋಡ್ಕೋ.”

ನೋಡಿಕೊಂಡ. ಇಡೀ ದಿನ ಕಲ್ಲಿದ್ದಲ ಮೂಟೆ ಹೊತ್ತ ಬೆನ್ನು ಅದು. ಎದುರಾಳಿಯ ಚೆಂಡಿಗೆ ಜಾರಿ ಬಂದು ಬಿದ್ದನೆಂದರೆ ಚೆಂಡೂ ಬರುತ್ತಿತ್ತು, ಆಳೂ ಉರುಳುತ್ತಿದ್ದ. ಹತ್ತಾರು ಮಂದಿಯ ಚಪ್ಪಾಳೆ ಹೋಗಿ ಇಡೀ ಮೈದಾನದ ಗರ್ಜನೆ ಬಂತು. “ಇನ್ನೊಂದು ಕೊಡು ಯೂನನ್! ಅವನ ಟಿಕೆಟ್ ಹರಿ!” ರಸ್ತೆಯ ಆಚೆ ಬದಿಗೆ ಹೋಗಿದ್ದವರೆಲ್ಲ ಈಚೆಗೆ ಬಂದರು. ಹ್ಯೂಡಿ ಕೂಡ ಒಂದು ದಿನ ಗೋಡೆಯ ಹೊರಗೆ ಲಾರಿ ನಿಲ್ಲಿಸಿ, ಅದರ ಮೇಲೆ ಹತ್ತಿ ಆಟ ನೋಡಿದ್ದನ್ನು ನಾನು ಕಂಡೆ.

ಆ ವರ್ಷ ಕಪ್ ಪಂದ್ಯಾವಳಿಯಲ್ಲಿ ನಮ್ಮ ಕ್ಲಬ್ಬು ಎಂದೂ ಹೋಗದಷ್ಟು ದೂರ ಹೋಯಿತು. ಫೆಬ್ರುವರಿಯಲ್ಲಿ ಬ್ಯಾಲಿನೋರ್ ಊರಿನವರು ನಮ್ಮಲ್ಲಿಗೆ ಆಡಲು ಬಂದರು. ಮೈದಾನವೆಲ್ಲ ಕೆಸರು. ಅವರ ನಡುಮೈದಾನದಲ್ಲಿ ಕಾಹಲ್ ಡೆವಾನಿ ಎಂಬ ಹದಿನೆಂಟರ ಹುಡುಗ. ಬೇಸಿಗೆಗೆ ಅವನು ಇಂಗ್ಲೆಂಡಿಗೆ ಹೋಗುವುದು ಗೊತ್ತಾಗಿತ್ತು. ಆ ಕೆಸರಿನಲ್ಲೂ ಅವನ ಬೂಟು ಒದ್ದೆಯಾದಂತೆ ಕಾಣುತ್ತಿರಲಿಲ್ಲ. ಅರ್ಧ ಆಟದ ಬಿಡುವಿನಲ್ಲಿ ನಾನು ಚಹಾ ಕೊಡುವಾಗ ಯೂನನ್ ನನ್ನ ತೋಳು ಹಿಡಿದ.

“ಮ್ಯಾನಸ್, ಆ ಹುಡುಗನ್ನ ನೋಡಿದ್ಯಾ? ತಲೆ ಎತ್ತೋಕೆ ಮುಂಚೇನೇ ಎಲ್ಲಾ ನೋಡಿರ್ತಾನೆ ಕಣೋ. ನಾನು ತಲೆ ಎತ್ತಬೇಕಿತ್ತು. ಅವನಿಗೆ ಅದೂ ಬೇಡ.”

ಲ್ಯಾಫರ್ಟಿಗೆ ಕೇಳಿಸಿತು. “ಹಾಗಿದ್ರೆ ಅವನಿಗೆ ನೀನೊಬ್ಬ ಇದ್ದೀಯ ಅನ್ನೋದನ್ನೂ ತೋರ್ಸು. ಕೆಸರಲ್ಲಿ ಕೂರ್ಸು ಒಂದ್ಸಲ.”

ಬಿಡುವು ಮುಗಿದು ಸ್ವಲ್ಪ ಹೊತ್ತಾಗಿತ್ತಷ್ಟೇ. ಹುಡುಗ ಚೆಂಡನ್ನು ಹಿಮ್ಮಡಿಯಿಂದ ತಿರುಗಿಸಿ ಯೂನನ್‌ನನ್ನು ದಾಟಿದ. ಯೂನನ್ ಹಿಂದಿನಿಂದ, ಪಕ್ಕಕ್ಕೆ ಸುತ್ತಿ, ಎರಡೂ ಕಾಲು ಚಾಚಿ ಜಾರಿದ. ಚೆಂಡು ಗೆರೆಯಾಚೆ ಹಾರಿತು. ಗರ್ಜನೆ ಎದ್ದಿತು. ಅದರ ನಡುವೆಯೇ ಇನ್ನೊಂದು ಸದ್ದು ನನಗೆ ಕೇಳಿಸಿತು. ಹಸಿ ಸೌದೆಯನ್ನು ಮೊಣಕಾಲಿಗಿಟ್ಟು ಮುರಿದಂತೆ. ನಾನು ಓಡಿದೆ. ಹುಡುಗ ಕೂಗಲಿಲ್ಲ. ಮೊಣಕಾಲಿನ ಕೆಳಗೆ ಕಾಲು ಹೋಗಬಾರದ ಕಡೆಗೆ ತಿರುಗಿತ್ತು. ಕೈಯಲ್ಲಿ ಸ್ಪಂಜು ಹಿಡಿದು ನಾನು ಬೆಪ್ಪನ ಹಾಗೆ ನಿಂತೆ. ಜನ ಇನ್ನೂ ಕೇಕೆ ಹಾಕುತ್ತಲೇ ಇದ್ದರು. ದೂರದಿಂದ ಕಂಡಿರಲಿಲ್ಲ. ಕಂಡ ಮೇಲೆ ಗೋಡೆಯಿಂದ ಗೋಡೆಗೆ ಮೌನ ಹಬ್ಬಿತು.

ರೆಫ್ರಿ ಎಚ್ಚರಿಕೆಯ ಹಳದಿ ಕಾರ್ಡು ತೋರಿಸಿದ. ಆಟ ಮುಂದುವರಿಯಿತು. ಒಂದು ಗೋಲಿನಿಂದ ನಾವೇ ಗೆದ್ದೆವು.

“ಚೆಂಡಂತೂ ಸಿಕ್ಕಿತ್ತಲ್ಲ” ಎಂದಿತು ಊರು. ಪಬ್ಬಿನಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. “ಮೊದ್ಲು ಚೆಂಡು ಸಿಕ್ತು, ಆಮೇಲೆ ಕಾಲು. ಹುಡುಗನ ಹಣೆಬರಹ.” ಯೂನನ್‌ನ ಬಾಯಿಂದ ಮಾತ್ರ ಆ ಮಾತು ನಾನು ಯಾವತ್ತೂ ಕೇಳಲಿಲ್ಲ.

ಮಂಗಳವಾರ ಅವನನ್ನು ನನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಹಲ್‌ನ ಕಾಲು ಕಬ್ಬಿಣದ ಸರಳುಗಳ ನಡುವೆ ತೂಗುತ್ತಿತ್ತು. ತಾಯಿ ಫಿಲೊಮಿನಾ ಡೆವಾನಿ ಗಂಡ ಸತ್ತ ಹೆಂಗಸು, ಇದ್ದ ಒಬ್ಬ ಮಗ ಇವನು. ನಮ್ಮನ್ನು ಕಂಡು ಎದ್ದು ಕುರ್ಚಿ ಎಳೆದಳು, ದ್ರಾಕ್ಷಿ ಮುಂದಿಟ್ಟಳು, ದಾರಿಯಲ್ಲಿ ಮಳೆ ಸಿಕ್ಕಿತೇ ಎಂದು ಕೇಳಿದಳು.

“ತಪ್ಪಾಯ್ತು ಕಣೋ” ಎಂದ ಯೂನನ್.

“ಅಯ್ಯೋ ಬಿಡಿ, ಮಿಸ್ಟರ್ ಹಾರ್ಕಿನ್, ಆಟ ಅಲ್ವಾ” ಎಂದು ಹುಡುಗ ನಕ್ಕ. “ನೀವು ಎಡಗಡೆಯಿಂದ ಬರ್ತೀರ ಅಂದ್ಕೊಂಡಿದ್ದೆ. ಬಲಗಡೆ ಬಂದು ಯಾಮಾರ್ಸಿದ್ರಿ.”

ನಾವು ಹೊರಟಾಗ ಫಿಲೊಮಿನಾ ಹಿಂದೆಯೇ ಬಂದಳು, ಬಾಗಿಲು ಎಳೆದುಕೊಂಡಳು. ದನಿ ಏರಿಸಲಿಲ್ಲ.

“ಮಿಸ್ಟರ್ ಹಾರ್ಕಿನ್, ಇನ್ನೊಂದ್ಸಲ ಬರ್ಬೇಡಿ. ನೀವು ಬಂದ್ರೆ ಅವನು ನಗ್ತಾನೆ. ನೀವು ಹೋದ್ಮೇಲೆ ನೋಡೋಳು ನಾನು.”

ಅವನು ಮತ್ತೆ ಹೋಗಲಿಲ್ಲ. ಸುದ್ದಿ ಮಾತ್ರ ಬರುತ್ತಿತ್ತು. ಮೂಳೆಗೆ ಕೀವು ಹಿಡಿಯಿತು, ಮತ್ತೆ ಕೊಯ್ದರು, ಮತ್ತೊಮ್ಮೆ ಕೊಯ್ದರು, ಕಾಲು ಗಿಡ್ಡವಾಯಿತು. ಬೇಸಿಗೆ ಬಂದು ಹೋಯಿತು, ಇಂಗ್ಲೆಂಡಿನವರು ಬೇರೆ ಹುಡುಗನನ್ನು ಹುಡುಕಿಕೊಂಡರು. ಆ ಹೊತ್ತಿಗೆ ನಾವು ಕಪ್ ಗೆದ್ದಿದ್ದೆವು. ತೆರೆದ ಲಾರಿಯಲ್ಲಿ ಊರು ಸುತ್ತಿದೆವು. ಲಾರಿ ಹ್ಯೂಡಿಯದೇ, ತೊಳೆದು ಹಸಿರು ಬಟ್ಟೆ ಕಟ್ಟಿದ್ದ. ಯೂನನ್ ಅದರ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

ಅಲ್ಲಿಂದಾಚೆ ಅವನಿಗೆ ಕಾಲು ಹಾಕಲಾಗಲಿಲ್ಲ. ಎದುರಾಳಿ ಚೆಂಡು ತಂದರೆ ಇವನ ದೇಹ ತಾನಾಗಿ ಬದಿಗೆ ಸರಿಯುತ್ತಿತ್ತು. ಬೇರೆ ಊರಿಗೆ ಹೋದರೆ “ಕಟುಕ! ಕಟುಕ!” ಎಂದು ಕೂಗು. ನಮ್ಮ ಊರಿನಲ್ಲಿ ಬೇರೆಯದು.

“ಏನ್ ಯೂನನ್, ದಾರಿ ಬಿಡೋಕೆ ಪೊಲೀಸ್ ಕೆಲಸ ಸಿಕ್ತಾ?”

“ಅವರಿಗೊಂದು ಕಪ್ ಟೀನೂ ಕೊಟ್ಟು ಕಳ್ಸಪ್ಪಾ!”

ಲ್ಯಾಫರ್ಟಿ ಒಂದು ದಿನ ತಂಡದ ಹೆಸರು ಓದುವಾಗ ಅವನ ಹೆಸರು ಬಿಟ್ಟ. ಮುಂದಿನ ವಾರವೂ ಬಿಟ್ಟ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಯೂನನ್‌ನ ಆಟ ಮುಗಿಯಿತು. ಬೂಟುಗಳನ್ನು ಯಾರಿಗೂ ಕೊಡಲಿಲ್ಲ, ಒಲೆಗೆ ಹಾಕಿದ. ರಬ್ಬರು ಸುಟ್ಟ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬಂತು.

ಆ ಚಳಿಗಾಲದಲ್ಲೇ ಹ್ಯೂಡಿ ಸತ್ತ. ಜನ ಎಣ್ಣೆ ಒಲೆಗೆ ಹೊರಳಿದ್ದರಿಂದ ಕಲ್ಲಿದ್ದಲ ವ್ಯಾಪಾರವೂ ಅವನ ಹಿಂದೆಯೇ ಹೋಯಿತು. ಯೂನನ್ ಬಂದರಿನ ಮೀನು ಕಾರ್ಖಾನೆಗೆ ಸೇರಿದ. ಬಂಗಡೆಯ ಕಾಲದಲ್ಲಿ ಹಗಲೂ ರಾತ್ರಿ ಕೆಲಸ. ಉದ್ದನೆಯ ಉಕ್ಕಿನ ಮೇಜು, ಎರಡೂ ಬದಿಗೆ ರಬ್ಬರು ಏಪ್ರನ್ನು ಕಟ್ಟಿ ನಿಂತ ಜನ, ನಡುವೆ ಹರಿದು ಬರುವ ಮೀನು. ಎರಡು ವರ್ಷ ಕಳೆದಿರಬೇಕು, ಒಂದು ಬೆಳಗ್ಗೆ ಮೇಲ್ವಿಚಾರಕ ಹೊಸಬನೊಬ್ಬನನ್ನು ತಂದು ಯೂನನ್‌ನ ಎದುರಿಗೇ ನಿಲ್ಲಿಸಿದ. ಹೊಸಬ ಕುಂಟುತ್ತಿದ್ದ.

ಕಾಹಲ್‌ಗೆ ಬ್ಯಾಲಿನೋರ್‌ನಲ್ಲಿ ಕೆಲಸವಿರಲಿಲ್ಲ. ಸುತ್ತಲಿನ ಊರುಗಳ ಗಂಡಸರಿಗೆಲ್ಲ ಇದ್ದದ್ದು ಈ ಒಂದೇ ಕಾರ್ಖಾನೆ. ಮೊದಲ ದಿನ ಯೂನನ್ ಅವನ ತುಂಬಿದ ಪೆಟ್ಟಿಗೆಯನ್ನು ಎತ್ತಿಡಲು ಹೋದ.

“ನನ್ನ ಪೆಟ್ಟಿಗೆ ಮುಟ್ಬೇಡಿ, ಮಿಸ್ಟರ್ ಹಾರ್ಕಿನ್.”

ಮತ್ತೆ ಮುಟ್ಟಲಿಲ್ಲ. ನಿಂತೂ ನಿಂತೂ ಹುಡುಗನ ಮುಖ ಸಂಜೆಗೆ ಬೂದಿಯಾಗುತ್ತಿತ್ತು. ಅದನ್ನು ನೋಡುತ್ತ ಎದುರಿಗೆ ನಿಲ್ಲುವುದೇ ಯೂನನ್‌ನ ಕೆಲಸವಾಯಿತು. ಬೇರೆ ಮೇಜು ಕೇಳಬಹುದಿತ್ತು. ಕೇಳು ಎಂದು ಗ್ರಾನ್ಯ ಅಂಗಲಾಚಿದಳು. “ಅವನು ಕೇಳ್ಲಿಲ್ಲ. ನಾನ್ಯಾಕೆ ಕೇಳ್ಲಿ?” ಎಂದ. ಜೊತೆಯವರು ತಮಾಷೆ ಮಾಡುತ್ತಿದ್ದರು, “ಗಂಡ ಹೆಂಡ್ತಿ ಇವತ್ತಾದ್ರೂ ಮಾತಾಡಿದ್ರಾ?” ಒಂದು ವರ್ಷದ ಮೇಲೆ ಮಾತಾಡಿದರು. ಗಾಳಿ ಜೋರು ಎಂದ ಒಬ್ಬ. ನಾಳೆ ದೋಣಿ ಹೊರಡೋಲ್ಲ ಎಂದ ಇನ್ನೊಬ್ಬ. ಅಷ್ಟೇ ಮಾತಿನಲ್ಲಿ ಮತ್ತೆರಡು ವರ್ಷ. ಅದಕ್ಕೇ ಯೂನನ್ ಸ್ವಲ್ಪ ಹಗುರಾದಂತೆ ನನಗೆ ಕಂಡಿತ್ತು. ಗ್ರಾನ್ಯಳ ಜೊತೆ ಮತ್ತೆ ನಾಟ್ಯಕ್ಕೆ ಹೋಗತೊಡಗಿದ್ದ.

ಕ್ರಿಸ್‌ಮಸ್‌ಗೆ ಮುಂಚೆ ಕಾರ್ಖಾನೆಯವರೆಲ್ಲ ಬಂದರಿನ ಪಬ್ಬಿನಲ್ಲಿ ಸೇರಿದ್ದರು. ನಾನೂ ಇದ್ದೆ. ಕಾಹಲ್ ಚೆನ್ನಾಗಿ ಕುಡಿದಿದ್ದ. ತನ್ನ ಲೋಟ ಎತ್ತಿಕೊಂಡು ಬಂದು ನಮ್ಮೆದುರು ಕೂತ.

“ಮಿಸ್ಟರ್ ಹಾರ್ಕಿನ್, ಆಸ್ಪತ್ರೆಗೆ ಬಂದು ತಪ್ಪಾಯ್ತು ಅಂದ್ರಲ್ಲ. ನಾನು ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ಲಾ?”

“ಕೇಳು.”

“ಬೇಕಂತ ಮಾಡಿದ್ರಾ?”

ನಾನು ಯೂನನ್‌ನ ಮೊಣಕಾಲನ್ನು ಮೇಜಿನಡಿಯಲ್ಲಿ ಒತ್ತಿದೆ. ಅವನು ನನ್ನ ಕಡೆ ನೋಡಲಿಲ್ಲ.

“ಕಾಲು ಮುರೀಬೇಕು ಅಂತ ಅಲ್ಲ. ನೋವಾಗ್ಬೇಕು ಅಂತ ಹೌದು.”

“ಮ್ಯಾನೇಜರ್ ಹೇಳಿದ್ರಾ?”

“ಅವನು ಹೇಳಿದ. ಆದ್ರೆ ಅದಕ್ಕೆ ಅಲ್ಲ.” ಯೂನನ್ ಪದ ಹುಡುಕಿದ. “ನೀನು ತಿರುಗಿದ್ಯಲ್ಲ, ಹಿಮ್ಮಡೀಲಿ. ಅಷ್ಟು ಚೆಂದ ಇತ್ತು. ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ.”

ಕಾಹಲ್ ಲೋಟವನ್ನು ಮೇಜಿನಾಚೆಗೆ ತಳ್ಳಿದ. ಕುಡಿದದ್ದೆಲ್ಲ ಅವನಿಂದ ಇಳಿದುಹೋದ ಹಾಗಿತ್ತು.

“ಎಲ್ರೂ ಆಕಸ್ಮಿಕ ಅಂದ್ರು” ಎಂದ. “ಅದನ್ನ ನಂಬ್ಕೊಂಡು ಹೇಗೋ ಇದ್ದೆ ನಾನು.”

ಎದ್ದು ಹೋದ. ರಜೆ ಮುಗಿದ ಮೇಲೆ ಕೆಲಸಕ್ಕೆ ಬರಲಿಲ್ಲ. ಇಂಗ್ಲೆಂಡಿಗೆ ಹೋದನಂತೆ, ಯಾವುದೋ ಗೋದಾಮಿನಲ್ಲಿ ರಾತ್ರಿ ಪಾಳಿಯಂತೆ.

ಈಸ್ಟರ್ ಹೊತ್ತಿಗೆ ಫಿಲೊಮಿನಾ ಬಸ್ಸು ಹಿಡಿದು ನಮ್ಮೂರಿಗೆ ಬಂದಳು. ಅಂಚೆಯವನಿಗೆ ಮನೆ ಗೊತ್ತಿರುತ್ತದೆಂದು ನನ್ನನ್ನೇ ಕೇಳಿದಳು. ಬಾಗಿಲವರೆಗೆ ಬಿಟ್ಟೆ. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ಅವನು ಫೋನ್ ಮಾಡ್ತಿಲ್ಲ. ಒಂದ್ಸಲ ಮಾಡಿದ, ಕುಡಿದಿದ್ದ. ‘ಹಾರ್ಕಿನ್ ನಿಜ ಹೇಳಿದ, ಅಮ್ಮ’ ಅಂದ. ಏನ್ ಹೇಳಿದ್ರಿ ಅವನಿಗೆ?”

ಯೂನನ್ ಹೇಳಿದ. ಪಬ್ಬಿನಲ್ಲಿ ಹೇಳಿದ್ದನ್ನೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಫಿಲೊಮಿನಾ ಕೈಚೀಲವನ್ನು ಎದೆಗೊತ್ತಿ ಹಿಡಿದು ಕೇಳಿದಳು.

“ಇಷ್ಟು ವರ್ಷ ಆದ್ಮೇಲೆ ಒಂದು ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ವಾ ನಿಮ್ಗೆ? ಎಲ್ರೂ ಹೇಳಿದ್ರಲ್ಲ. ಊರಿಗೂರೇ ಹೇಳ್ತಲ್ಲ. ನಿಮ್ದೊಬ್ರದ್ದೇ ಏನು ಹೆಚ್ಚು?”

ಉತ್ತರಕ್ಕೆ ಕಾಯದೆ ಹೊರಟಳು. ವಾಪಸು ಬಸ್ಸು ಬರುವವರೆಗೆ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದಳು. ಬ್ರೀಜ್, ಆಗಲೇ ಮುದುಕಿ, ಒಂದು ಲೋಟ ಚಹಾ ಹಿಡಿದು ರಸ್ತೆ ದಾಟಿ ಹೋದಳು. ಇಬ್ಬರು ತಾಯಂದಿರೂ ಒಂದೇ ಬೆಂಚಿನಲ್ಲಿ ಕೂತಿದ್ದನ್ನು ಕಂಡೆ. ಚಹಾ ಬೆಂಚಿನ ಮೇಲೆಯೇ ಆರಿತು.

ಅಂದಿನಿಂದ ಯೂನನ್‌ನ ಮಾತು ಕಡಿಮೆಯಾಯಿತು. ಕುಡಿತಕ್ಕೆ ಬಿದ್ದಿದ್ದರೆ ಅರ್ಥವಾದರೂ ಆಗುತ್ತಿತ್ತು, ಅದಕ್ಕೂ ಬೀಳಲಿಲ್ಲ. ಗ್ರಾನ್ಯ ಕೆಲವು ವರ್ಷ ಸಹಿಸಿದಳು. ಹೋಗುವ ದಿನ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡಳು. “ಅವನೇನೂ ಕೆಟ್ಟವನಲ್ಲ, ಮ್ಯಾನಸ್. ಎದುರಿಗೆ ಕೂತು ಊಟ ಮಾಡ್ತಾನೆ, ನನ್ನನ್ನ ನೋಡ್ತಾನೆ. ಆ ಕಾರ್ಖಾನೆ ಮೇಜಲ್ಲಿ ನೋಡ್ತಿದ್ದ ಹಾಗೆ ನೋಡ್ತಾನೆ. ನನ್ನ ಯಾವ ಕಾಲು ಮುರಿದಿದ್ದಾನೆ ಇವನು?” ಗಾಲ್ವೆಯಲ್ಲಿದ್ದ ತಂಗಿಯ ಮನೆಗೆ ಹೋದವಳು ಅಲ್ಲೇ ಉಳಿದಳು.

ಪೂಜೆಗೆ ಹೋಗುವುದನ್ನು ಅವನು ಬಿಡಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಪ್ರಸಾದದ ರೊಟ್ಟಿಗೆ ಸಾಲು ನಿಂತಾಗ ತಾನು ಏಳುತ್ತಿರಲಿಲ್ಲ. ಹೊಸ ಪಾದ್ರಿಗಳು ಪಾಪನಿವೇದನೆಗೆ ಕರೆದರು. “ಹೇಳ್ಬೇಕಾದವನಿಗೆ ಹೇಳಿದ್ದೀನಿ, ಫಾದರ್. ಅದ್ರಿಂದ ಅವನಿಗೇನಾಯ್ತು ಅಂತ ನೋಡಿದ್ದೀನಿ” ಎಂದನಂತೆ.

ಕೆಲವು ವರ್ಷದ ಕೆಳಗೆ ಫಿಲೊಮಿನಾ ತೀರಿಕೊಂಡ ಸುದ್ದಿ ಬೆಳಗಿನ ರೇಡಿಯೋದ ಸಾವಿನ ವಾರ್ತೆಯಲ್ಲಿ ಬಂತು. ಯೂನನ್ ಕೋಟು ತೊಟ್ಟು ನಮ್ಮ ಬಾಗಿಲಿಗೆ ಬಂದು ನಿಂತ. ನಾನು ಏನೂ ಕೇಳದೆ ಕಾರು ತೆಗೆದೆ.

ಬ್ಯಾಲಿನೋರ್‌ನ ಆ ಪುಟ್ಟ ಮನೆಯ ಹೊರಗೆ ಜನರ ಸಾಲು. ಒಳಗೆ ಶವಪೆಟ್ಟಿಗೆ, ಅದರ ಪಕ್ಕ ಒಬ್ಬನೇ ನಿಂತ ಕಾಹಲ್. ಕೂದಲು ಉದುರಿತ್ತು, ಮೈ ಬಾತಿತ್ತು, ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ ನಿಂತಿದ್ದ. ಜನ ಒಬ್ಬೊಬ್ಬರಾಗಿ ಕೈಕುಲುಕಿ ನಮ್ಮಲ್ಲಿ ಎಲ್ಲರೂ ಹೇಳುವ ಆ ಒಂದು ಮಾತು ಹೇಳಿ ಮುಂದೆ ಹೋಗುತ್ತಿದ್ದರು. ಯೂನನ್‌ನ ಸರದಿ ಬಂತು.

“ನಿನ್ನ ದುಃಖಕ್ಕೆ ನಂಗೂ ದುಃಖ ಆಗಿದೆ, ಕಾಹಲ್.”

“ಬಂದಿದ್ದಕ್ಕೆ ಥ್ಯಾಂಕ್ಸ್, ಮಿಸ್ಟರ್ ಹಾರ್ಕಿನ್. ಅಡುಗೆಮನೇಲಿ ಟೀ ಇದೆ, ಸ್ಯಾಂಡ್‌ವಿಚ್ ಇದೆ.”

ನನಗೂ ಅದನ್ನೇ ಹೇಳಿದ. ನನ್ನ ಹಿಂದಿನವಳಿಗೂ ಅದನ್ನೇ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯಿರಲಿಲ್ಲ, ಏನೂ ಇರಲಿಲ್ಲ. ಯೂನನ್ ಅಡುಗೆಮನೆಗೆ ಹೋಗಿ, ಯಾರೋ ಕೈಗಿತ್ತ ಚಹಾವನ್ನು ನಿಂತೇ ಕುಡಿದು, ಕಪ್ಪು ತೊಳೆದಿಟ್ಟ.

ವಾಪಸು ಬರುವಾಗ ನಾನು ಸಮಾಧಾನಕ್ಕೆಂದು, “ಮಾತಾಡಿಸ್ದನಲ್ಲ, ಬಿಡು” ಎಂದೆ.

“ಅವನು ಬೈಬಹುದು ಅಂತ ಬಂದಿದ್ದೆ, ಮ್ಯಾನಸ್” ಎಂದ. ಸ್ವಲ್ಪ ದೂರ ಹೋದ ಮೇಲೆ, “ಅಷ್ಟೂ ಉಳ್ದಿಲ್ಲ ಅವನಲ್ಲಿ” ಎಂದ.

ಕಾಹಲ್ ಮಣ್ಣು ಮುಗಿಸಿ ಇಂಗ್ಲೆಂಡಿಗೆ ಮರಳಿದ. ಮನೆ ಮಾರಾಟಕ್ಕಿದೆ. ಯೂನನ್ ಈಗಲೂ ಗೋಡೆಯ ಆಚೆ ಇದ್ದಾನೆ. ಸೊಂಟ ಹಿಡಿದುಕೊಂಡಿದೆ, ಕಾರ್ಖಾನೆಯವರು ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ. ಬ್ರೀಜ್ ಸತ್ತ ಮೇಲೆ ಅವನ ಅಡುಗೆಮನೆಯಿಂದ ರೇಡಿಯೋ ಸದ್ದು ಕೂಡ ಬರುವುದಿಲ್ಲ. ಬೆಳಗ್ಗೆ ಕೆಟಲು ಕುದಿಯುವುದು ಕೇಳಿಸಿದರೆ ಎದ್ದಿದ್ದಾನೆ ಎಂದು ತಿಳಿದುಕೊಳ್ಳುತ್ತೇನೆ.